ಕಿವಿಗೊಟ್ಟು ಕಬ್ಬಿಣ ಕತ್ತರಿಸಿದ ಮಾವ

ಕಳೆದ ವಾರ ನಮ್ಮ ಎದುರು ಮನೆಯವರು ಹಳೆಯ ಗೇಟು ತೆಗೆಸಿ ಹೊಸದು ಹಾಕಿಸುತ್ತಿದ್ದರು. ನಾನು ಅಡುಗೆಮನೆಯಲ್ಲಿ ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಸುಟ್ಟ ಬಣ್ಣ, ಕಾದ ಕಬ್ಬಿಣ, ಅದರ ಹಿಂದೆಯೇ ಗಂಟಲಿಗೆ ಅಂಟುವ ಸತುವಿನ ಹೊಗೆ. ಆ ವಾಸನೆಗೆ ಎಲ್ಲರೂ ಕಿಟಕಿ ಮುಚ್ಚುತ್ತಾರೆ. ನಾನು ಹಿಟ್ಟಿನ ಕೈಯಲ್ಲೇ ಕಿಟಕಿಯನ್ನು ಪೂರ್ತಿ ತೆರೆದು ನಿಂತುಬಿಟ್ಟೆ... ನನ್ನ ಗಂಡ ಬಂದು, ಏನಾದರೂ ಸೀದು ಹೋಯಿತೇ ಎಂದು ಒಲೆಯ ಕಡೆ ನೋಡಿದರು. ಏನೂ ಇಲ್ಲ ಎಂದೆ.

ಚನ್ನಗಿರಿಯಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಕೂಡಿಕೊಂಡಂತೆ ಒಂದು ವರ್ಕ್‌ಶಾಪ್ ಇತ್ತು. ಅದರ ಯಜಮಾನರನ್ನು ನಾನು ಮಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತೆ. ರಕ್ತಸಂಬಂಧ ಏನೂ ಇರಲಿಲ್ಲ. ಗೋಡೆಯಾಚೆಯಿಂದ ಸಾರಿನ ಬಟ್ಟಲು ಹೋಗಿ ಬಂದು ಬೆಳೆದ ಸಂಬಂಧ ಅದು. ಮಾವ ಅಡಿಕೆ ಸುಲಿಯುವ ಯಂತ್ರ ಮಾಡುತ್ತಿದ್ದರು. ಜಗಳೂರು ಕಡೆಯವರಿಗೆ ಮೆಕ್ಕೆಜೋಳ ಬಿಡಿಸುವ ಯಂತ್ರ, ಹೊನ್ನಾಳಿಯವರಿಗೆ ಗದ್ದೆಗಿಳಿಯುವ ಟ್ರ್ಯಾಕ್ಟರಿನ ಕಬ್ಬಿಣದ ಚಕ್ರ. ಮೊದಲೆಲ್ಲ ಗ್ಯಾಸಿನಿಂದ ಕತ್ತರಿಸುತ್ತಿದ್ದವರು ಆಮೇಲೆ ಪ್ಲಾಸ್ಮಾ ಕಟರ್ ತಂದುಕೊಂಡರು. ತಗಡು ಕತ್ತರಿಸುವುದರಲ್ಲಿ ನಾಲ್ಕು ತಾಲ್ಲೂಕಿಗೂ ಅವರದು ಎತ್ತಿದ ಕೈ.

ಆ ಕಟರ್ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅದರ ಹಿಡಿಕೆಯ ತುದಿಯಲ್ಲಿ ತಾಮ್ರದ ಒಂದು ಪುಟ್ಟ ನಳಿಕೆ ಇರುತ್ತದೆ. ನಳಿಕೆಗೆ ದಬ್ಬಳದ ಮೊನೆಯಷ್ಟು ತೂತು. ಒಳಗೆ ವಿದ್ಯುತ್ತಿನ ಕಿಡಿ ಹೊತ್ತಿಕೊಂಡು ಹಾಗೇ ನಿಲ್ಲುತ್ತದೆ, ಅದಕ್ಕೆ ಆರ್ಕ್ ಎನ್ನುತ್ತಾರೆ. ಕಂಪ್ರೆಸರಿನ ಗಾಳಿ ಅದೇ ತೂತಿನಿಂದ ಶಬ್ದದ ವೇಗದಲ್ಲಿ ನುಗ್ಗುತ್ತಾ ಆ ಆರ್ಕನ್ನು ಹಿಂಡಿ ಹೊರಗೆ ಎಳೆಯುತ್ತದೆ. ಅಷ್ಟು ಬಿಸಿಗೆ ಕಬ್ಬಿಣ ಕರಗಿ ಹಾರಿ ಹೋಗುತ್ತದೆ. ಅಷ್ಟೇ ಯಂತ್ರ. ಆದರೆ ಆ ಸಣ್ಣ ತೂತಿನೊಳಗೆ ಗಾಳಿ, ಬೆಂಕಿ, ವಿದ್ಯುತ್ತು ಮೂರೂ ಸೇರಿ ಏನೇನು ಆಟವಾಡುತ್ತವೆ ಎಂಬುದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಆ ಆಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಪಿಎಚ್.ಡಿ. ವಿಷಯವಾಗಿತ್ತು. ನಳಿಕೆಯ ಒಳಗಿನ ಜಾಗವನ್ನು ಲಕ್ಷಾಂತರ ಚೂರು ಮಾಡಿ, ಒಂದೊಂದು ಚೂರಿನಲ್ಲೂ ಒತ್ತಡ ಎಷ್ಟು, ಬಿಸಿ ಎಷ್ಟು, ಕರೆಂಟು ಎಷ್ಟು ಎಂದು ಕ್ಷಣಕ್ಷಣಕ್ಕೂ ಲೆಕ್ಕ ಬಿಡಿಸಬೇಕು. ಒಂದು ಸಲ ಶುರು ಮಾಡಿದರೆ ಕಂಪ್ಯೂಟರು ನಾಲ್ಕೈದು ದಿನ ಗೊರಗೊರ ಎನ್ನುತ್ತಿತ್ತು.

ಮೂರು ವರ್ಷ ಹಾಗೆ ಗೊರಗೊರ ಎಂದರೂ ನನ್ನ ಲೆಕ್ಕ ನಿಜಕ್ಕೆ ಹೊಂದಲಿಲ್ಲ. ನನ್ನ ಆರ್ಕ್ ಪರದೆಯ ಮೇಲೆ ನೆಟ್ಟಗೆ, ದೇವರ ಮುಂದಿನ ದೀಪದಂತೆ ಅಲುಗಾಡದೆ ನಿಂತಿರುತ್ತಿತ್ತು. ನಿಜವಾದ ಆರ್ಕ್ ಹಾಗೆ ನಿಲ್ಲುವುದಿಲ್ಲ ಎಂದು ಪುಸ್ತಕಗಳೇ ಹೇಳುತ್ತಿದ್ದವು. ನನ್ನ ಗೈಡ್ ಒಂದು ದಿನ ಕಾಗದಗಳನ್ನು ನನ್ನ ಕಡೆ ತಳ್ಳಿ, ಎಲ್ಲಾದರೂ ಹೋಗಿ ನಿಜವಾದ ಆರ್ಕಿನ ಅಳತೆ ತನ್ನಿ, ಆಮೇಲೆ ಮಾತಾಡೋಣ ಎಂದರು. ಕಾಲೇಜಿನ ಕಟರ್ ಬಿಡಿಭಾಗಕ್ಕೆ ಕಾಯುತ್ತಾ ಮೂಲೆ ಸೇರಿತ್ತು. ತಲೆ ಕೆಟ್ಟು ಕೆರ ಹಿಡಿದಿತ್ತು ನನಗೆ. ಆಗ ನೆನಪಾದದ್ದು ನಮ್ಮ ಗೋಡೆಯಾಚೆಯ ಮಾವ. ಅಳತೆಯ ಪೆಟ್ಟಿಗೆ, ಮೈಕು, ಲ್ಯಾಪ್‌ಟಾಪು ಕಟ್ಟಿಕೊಂಡು ಚನ್ನಗಿರಿಗೆ ಬಂದೆ.

ಮೊದಲ ದಿನ ಮಾವನಿಗೆ ನನ್ನ ಆರ್ಕನ್ನು ಪರದೆಯ ಮೇಲೆ ತೋರಿಸಿದೆ. ಕೆಂಪು, ಹಳದಿ, ನೀಲಿ, ಬಣ್ಣಬಣ್ಣದ ಚಿತ್ರ. ನೋಡಿದವರೆಲ್ಲ ಅಬ್ಬಾ ಎನ್ನುತ್ತಿದ್ದ ಚಿತ್ರ ಅದು. ಮಾವ ಹಾಗೆ ಎನ್ನಲಿಲ್ಲ. ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ, ಕಿವಿಯನ್ನು ಲ್ಯಾಪ್‌ಟಾಪಿನ ಹತ್ತಿರ ತಂದರು.

“ಸದ್ದಿಲ್ವಾ ತಾಯಿ ಇದಕ್ಕೆ?”

ನಾನು ನಕ್ಕೆ. ಇದು ಲೆಕ್ಕ ಮಾವ, ಸಿನಿಮಾ ಅಲ್ಲ ಎಂದೆ. ಎಷ್ಟು ಜಂಭದಿಂದ ಅಂದೆನೋ... ಅವರೂ ನಕ್ಕರು. “ಸದ್ದಿಲ್ದೆ ಇದ್ರೆ ನಿನ್ ಬೆಂಕಿ ಚಲೋ ಐತೋ ಕೆಟ್ಟೈತೋ ಹೆಂಗೆ ಗೊತ್ತಾಗ್ತೈತೆ?” ಎಂದು ಕೇಳಿ, ಹಿಡಿಕೆ ಎತ್ತಿಕೊಂಡು ಕೆಲಸಕ್ಕೆ ನಿಂತರು.

ಆರು ದಿನ ಅವರ ಪಕ್ಕದಲ್ಲಿ ನಿಂತು ಅಳತೆ ಮಾಡಿದೆ. ಮೂರನೆಯ ದಿನ ಒಂದು ತಗಡಿನ ಮಧ್ಯೆ ಕತ್ತರಿಸುತ್ತಿದ್ದವರು ಸಟ್ಟನೆ ನಿಲ್ಲಿಸಿದರು. ನಳಿಕೆ ಬಿಚ್ಚಿ ನನ್ನ ಅಂಗೈಗೆ ಹಾಕಿ, ಎಡಗಡೆ ತಿಂದೈತೆ ನೋಡು ಎಂದರು. ನಾನು ಭೂತಗನ್ನಡಿ ಹಿಡಿದು ನೋಡಿದೆ. ದುಂಡಗಿದ್ದ ತೂತು ಒಂದು ಮಗ್ಗುಲಿಗೆ ಕೂದಲೆಳೆಯಷ್ಟು ಸವೆದಿತ್ತು. ಸದ್ದು ಕೇಳಿಯೇ ಅವರಿಗೆ ತಿಳಿದಿತ್ತು. ನನ್ನ ಮೈಕಿನಲ್ಲಿ ಹಿಡಿದ ಸದ್ದಿನಲ್ಲೂ ಅದೇ ಕ್ಷಣದಲ್ಲಿ ಒಂದು ಸಣ್ಣ ನಡುಕ ಶುರುವಾಗಿತ್ತು, ವೋಲ್ಟೇಜಿನಲ್ಲೂ ಅದೇ ನಡುಕ.

“ಗಾಳಿ ನೆಟ್ಟಗೆ ಬರಾಂಗಿಲ್ಲ ತಾಯಿ, ಸುತ್ತಿಕೊಂಡು ಬರ್ತೈತೆ. ಬೆಂಕಿನೂ ಅದರ ಸಂಗಡ ಸುತ್ತತೈತೆ. ಎಲ್ಲಾ ಕಡೆ ಒಂದೇ ಸಮ ಸುತ್ತಾಕೆ ಅದೇನು ಗಿರಣಿ ಕಲ್ಲಾ?”

ಅಲ್ಲಿಗೆ ನನ್ನ ಮೂರು ವರ್ಷದ ತಪ್ಪು ಸಿಕ್ಕಿತು. ಕಂಪ್ಯೂಟರಿನ ಸಮಯ ಉಳಿಸಲೆಂದು ನಾನು ನಳಿಕೆಯ ಒಂದು ತೆಳ್ಳನೆಯ ಹೋಳನ್ನು ಮಾತ್ರ ಲೆಕ್ಕ ಹಾಕಿ, ಉಳಿದ ಸುತ್ತೆಲ್ಲ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ಒಂದು ಹೋಳು ಉಳಿದದ್ದರಂತೆ ಇರಲೇ ಇಲ್ಲ. ಇಡೀ ನಳಿಕೆಯನ್ನು, ಸುತ್ತುವ ಗಾಳಿಯ ಸಮೇತ, ಮೊದಲಿನಿಂದ ಲೆಕ್ಕ ಹಾಕಿದೆ. ಎರಡು ತಿಂಗಳ ಮೇಲೆ ನನ್ನ ಪರದೆಯ ಆರ್ಕ್ ಅಲುಗಾಡಿತು, ಸುತ್ತಿತು, ನಡುಗಿತು. ಮಾವನ ವರ್ಕ್‌ಶಾಪಿನ ಅಳತೆಯ ಮೇಲೆ ಅದನ್ನಿಟ್ಟರೆ ಗೆರೆಯ ಮೇಲೆ ಗೆರೆ ಕೂತಿತು. ನಾನು ಲ್ಯಾಬಿನಲ್ಲಿ ಒಬ್ಬಳೇ ಕುಣಿದಿದ್ದೆ.

ಆ ಆರು ದಿನಗಳಲ್ಲಿ ಇನ್ನೂ ಏನೇನೋ ಕಂಡಿದ್ದೆ. ಎಲ್ಲರೂ ತಗಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸುತ್ತಾರೆ. ಮಾವ ಮಗನ ಕೈಯಲ್ಲಿ ಗೆರೆಯ ಉದ್ದಕ್ಕೂ ಉಳಿ ಮೊನೆ ಇಟ್ಟು ಸುತ್ತಿಗೆಯಲ್ಲಿ ಹೊಡೆಸಿ, ಇಂಚಿಗೊಂದರಂತೆ ಸಣ್ಣ ಕುಳಿ ಮಾಡಿಸುತ್ತಿದ್ದರು. ಗುರುತು ಅಳಿಸಬಾರದು ಎಂಬುದು ಅವರು ಕೊಟ್ಟ ಕಾರಣ. ಅವರ ಎಡಗೈ ಚರ್ಮದ ಗವಸಿಗೆ ಹೆಬ್ಬೆರಳೇ ಇರಲಿಲ್ಲ, ಕತ್ತರಿಸಿ ತೆಗೆದಿದ್ದರು. ಬರಿ ಹೆಬ್ಬೆರಳು ಕುಳಿಯಿಂದ ಕುಳಿಗೆ ಮುಂದೆ ಮುಂದೆ ಹೋಗುತ್ತಿತ್ತು, ಅದರ ಹಿಂದೆ ಬೆಂಕಿ. ಸೆಕೆ ಆಗ್ತೈತೆ ಅಂತ ತೆಗ್ದೆ ಎಂದಿದ್ದರು. ಬೆಳಿಗ್ಗೆ ಅತ್ತೆ ತಿಂಡಿ ತಂದಾಗ ಅರ್ಧ ಗಂಟೆ ಅಲ್ಲೇ ಕೂತು, ಗಿರಾಕಿಗಳು ಬಿಟ್ಟು ಹೋದ ಚೀಟಿಗಳ ಅಳತೆಯನ್ನು ಹರಟೆಯಂತೆ ಓದುತ್ತಿದ್ದರು. ಮಾವ ರೊಟ್ಟಿ ಮುರಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ನನ್ನ ಜೊತೆ ಮಾತಾಡುವಾಗ ಅವರ ನೋಟ ನನ್ನ ಮುಖದ ಮೇಲಿರದೆ ಕಿವಿಯ ಪಕ್ಕದಲ್ಲೆಲ್ಲೋ ಇರುತ್ತಿತ್ತು. ಸಂಕೋಚದ ಮನುಷ್ಯ ಎಂದುಕೊಂಡಿದ್ದೆ. ಇಷ್ಟೆಲ್ಲ ಕಣ್ಣ ಮುಂದಿದ್ದೂ ನನಗೆ ಹೊಳೆಯಲಿಲ್ಲ. ಓದಿದ ತಲೆ, ಏನು ಹೇಳುವುದು.

ಅದೇ ವರ್ಷ ಕಾಲೇಜಿನಲ್ಲಿ ಒಂದು ವಿಚಾರಸಂಕಿರಣವಿತ್ತು. ಸದ್ದಿಗೂ ವೋಲ್ಟೇಜಿಗೂ ತಾಳೆ ನೋಡಲೆಂದು ಫೋನಿನಲ್ಲಿ ತೆಗೆದಿದ್ದ ವಿಡಿಯೋವನ್ನು ಸಭೆಗೆ ಹಾಕಿದೆ. ಮಾವನ ಹೆಸರು ಹೇಳಿದೆ, ಊರು ಹೇಳಿದೆ. “ನೋಡಿ, ಇವರು ತಗಡನ್ನು ನೋಡುತ್ತಲೇ ಇಲ್ಲ, ಕೇಳಿಸಿಕೊಂಡು ಕತ್ತರಿಸುತ್ತಿದ್ದಾರೆ,” ಎಂದೆ. ಸಭೆ ಚಪ್ಪಾಳೆ ತಟ್ಟಿತು. ನನಗೆ ಹೆಮ್ಮೆಯೋ ಹೆಮ್ಮೆ. ಆ ಭಾಷಣ ಅಂತರ್ಜಾಲಕ್ಕೆ ಹೋಯಿತು. ಯಾರೋ ಪುಣ್ಯಾತ್ಮರು ಅಷ್ಟು ತುಂಡನ್ನು ಮಾತ್ರ ಕತ್ತರಿಸಿ, ಕಣ್ಣು ಮುಚ್ಚಿ ಕಬ್ಬಿಣ ಕತ್ತರಿಸುವ ಚನ್ನಗಿರಿಯ ಯಜಮಾನ ಎಂದು ಬರೆದು ಬಿಟ್ಟರು. ಒಂದು ವಾರದಲ್ಲಿ ಅದು ಊರಿನ ಎಲ್ಲರ ಫೋನಿಗೂ ಬಂದಿತ್ತು.

ಮೊದಲು ಜನ ನೋಡಲು ಬಂದರು, ಫೋಟೋ ತೆಗೆಸಿಕೊಂಡರು. ಮಾವನಿಗೂ ಖುಷಿಯಾಗಿತ್ತಂತೆ. ಆಮೇಲೆ ಆ ವಿಡಿಯೋ ನೋಡಿ ಅನುಮಾನ ಬಂದ ಜಗಳೂರಿನ ಹಳೆಯ ಗಿರಾಕಿ ಒಬ್ಬರು ಬಂದರು. ಕೆಟ್ಟವರಲ್ಲ, ಹತ್ತು ವರ್ಷದಿಂದ ಮಾವನ ಕೈಯಲ್ಲೇ ಯಂತ್ರ ಮಾಡಿಸುತ್ತಿದ್ದವರು. ಆ ದಿನ ಅತ್ತೆ ಮಗಳನ್ನು ನೋಡಲು ನ್ಯಾಮತಿ ಕಡೆ ಹೋಗಿದ್ದರು. ಗಿರಾಕಿ ತಾವು ಬರೆದುಕೊಂಡು ಬಂದಿದ್ದ ನಕ್ಷೆಯನ್ನು ಮಾವನ ಕೈಗೆ ಕೊಟ್ಟು, “ಅಗಲ ಎಷ್ಟೈತೆ ಓದ್ರಿ ಯಜಮಾನ್ರೇ,” ಎಂದರು. ಮಾವ ನಕ್ಷೆಯನ್ನು ತಲೆಕೆಳಗೆ ಹಿಡಿದುಕೊಂಡು, ಪ್ರತಿ ವರ್ಷ ಮಾಡುತ್ತಿದ್ದ ಅಳತೆಯನ್ನೇ ಹೇಳಿದರು. ಈ ಸಲದ ಅಳತೆ ಬೇರೆ ಇತ್ತು. ಆ ಗಿರಾಕಿ ಕಾಗದವನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಮಡಚಿದರಂತೆ. “ಹೆಣ್ಮಕ್ಕಳು ಕೈ ಹಾಕಿ ಕಾಳು ತೆಗೆಯೋ ಮಶೀನ್ ರೀ ಇದು,” ಎಂದಷ್ಟೇ ಹೇಳಿ ಹೋದರಂತೆ. ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದವನು ಮಾವನ ಮಗ. ಅವನು ಅಪ್ಪನ ಜೊತೆಗೇ ವರ್ಕ್‌ಶಾಪಿನಲ್ಲಿ ಬೆಸುಗೆ ಕೆಲಸ ಮಾಡುತ್ತಿದ್ದ. ಅಪ್ಪನ ಕಣ್ಣಿನ ವಿಷಯ ಅವನಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರು ನೋಡಿದರು. ಚಿಕ್ಕಂದಿನಿಂದ ಕಪ್ಪು ಗಾಜಿಲ್ಲದೆ ಬೆಸುಗೆಯ ಬೆಳಕು ನೋಡಿ ನೋಡಿ ಎರಡೂ ಕಣ್ಣಿನ ನಡುಭಾಗ ಸುಟ್ಟುಹೋಗಿತ್ತು. ಅಂಚಿನಲ್ಲಿ ಮಾತ್ರ ಮಬ್ಬಾಗಿ ಕಾಣುತ್ತಿತ್ತು. ಎಂಟು ವರ್ಷವಾಯಿತು ಎಂದು ಅತ್ತೆ ಆಗ ಒಪ್ಪಿಕೊಂಡರು. ಎಂಟು ವರ್ಷದಲ್ಲಿ ಒಂದು ತಗಡೂ ತಪ್ಪಿರಲಿಲ್ಲ. ಆದರೆ ಅದನ್ನು ಯಾರಿಗೆ ಹೇಳುವುದು? ತ್ಯಾವಣಿಗೆಯಿಂದ ಬಂದವರೂ ಹೊನ್ನಾಳಿಯಿಂದ ಬಂದವರೂ ಮೊದಲು ಕೇಳುತ್ತಿದ್ದದ್ದು ಒಂದೇ, ಕತ್ತರಿಸೋರು ಯಾರು? ಮಗ ಹಿಡಿಕೆಯನ್ನು ತಾನು ತೆಗೆದುಕೊಂಡ. ಬೇರೆ ದಾರಿ ಅವನಿಗೂ ಇರಲಿಲ್ಲ.

ಸುದ್ದಿ ತಿಳಿದು ನಾನು ಓಡಿ ಬಂದೆ. ಮಾವ ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದರು. ಅವರು ಕೈ ಖಾಲಿ ಇಟ್ಟುಕೊಂಡು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ತಪ್ಪಾಯ್ತು ಮಾವ ಎಂದು ಅತ್ತುಬಿಟ್ಟೆ. ಅವರು ನನ್ನ ಕಿವಿಯ ಪಕ್ಕಕ್ಕೆ ನೋಡುತ್ತಾ, “ನೀನೇನು ಸುಳ್ಳು ಹೇಳ್ದೇನು? ಇದ್ದದ್ದು ಹೇಳಿದ್ದೀ. ಅಳಬ್ಯಾಡ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಒಳಗೆ ಮಗ ಕತ್ತರಿಸಲು ಶುರು ಮಾಡಿದ. ಮಾವ ಕಿವಿಯನ್ನು ಆ ಕಡೆ ತಿರುಗಿಸಿದರು. ಅವರ ಎಡಗೈ ಹೆಬ್ಬೆರಳು ಕಲ್ಲಿನ ಅಂಚಿನ ಮೇಲೆ ತಾನಾಗಿಯೇ ಮುಂದೆ ಸರಿಯಿತು. “ಕೈ ಅವಸರ ಆತು... ನಳಿಕೆ ಹೋಗ್ತೈತಲೋ,” ಎಂದು ಕೂಗಿದರು. ಒಳಗೆ ಮಗ ಕತ್ತರಿಸುತ್ತಲೇ ಹೋದ. ದಿನವೂ ಹೀಗೆಯೇ ಎಂದು ಅತ್ತೆ ಹೇಳಿದರು. ಒಂದು ದಿನ ಮಗ ರೇಗಿ ಹಿಡಿಕೆಯನ್ನು ನೆಲಕ್ಕೆ ಎಸೆದು, ಊಟ ಬಿಟ್ಟು ಹೋದನಂತೆ. ಅವನದೇನು ತಪ್ಪು? ಕೈಗೆ ಹಿಡಿತ ಸಿಗುವ ಮೊದಲೇ ಹೆಗಲಿಗೆ ಇಡೀ ವರ್ಕ್‌ಶಾಪು ಬಿದ್ದಿತ್ತು. ಕೊನೆಗೆ ಮಾವನೇ, ಆ ಸದ್ದು ಕೇಳಿಕೊಂಡು ಇರಾಕೆ ಆಗಾಂಗಿಲ್ಲ ಎಂದು ನ್ಯಾಮತಿ ಹತ್ತಿರದ ಗೋವಿನಕೋವಿಯಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ಅತ್ತೆಯೂ ಜೊತೆಗೆ ಹೋದರು.

ನನ್ನ ಪ್ರಬಂಧ ಅಚ್ಚಿಗೆ ಹೋಗುವ ಮೊದಲು ಮಗ ನನಗೆ ಫೋನು ಮಾಡಿದ. “ಅಕ್ಕ, ಅದರಾಗೆ ಅಪ್ಪನ ಹೆಸರು ಹಾಕಬ್ಯಾಡ್ರಿ. ಒಂದ್ಸಲ ಹೆಸರು ಹೊರಗೆ ಬಂದಿದ್ದಕ್ಕೆ ಇಷ್ಟು ಆತು. ಈಗ ಈಗ ಜನ ಮತ್ತೆ ಬರಾಕೆ ಹತ್ಯಾರೆ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಆಯ್ತಪ್ಪ ಎಂದೆ. ಕೃತಜ್ಞತೆಯ ಪುಟದಲ್ಲಿ ಗೈಡ್ ಹೆಸರು, ವಿಭಾಗದವರ ಹೆಸರು, ಅಪ್ಪ ಅಮ್ಮನ ಹೆಸರು ಎಲ್ಲ ಬರೆದು, ಕೆಳಗಿನಿಂದ ಮೂರನೆಯ ಸಾಲಿನಲ್ಲಿ ‘ಸ್ಥಳೀಯ ವರ್ಕ್‌ಶಾಪೊಂದರ ನುರಿತ ಕೆಲಸಗಾರರೊಬ್ಬರಿಗೆ’ ಎಂದು ಇಂಗ್ಲಿಷಿನಲ್ಲಿ ಬರೆದೆ.

ಪದವಿ ಬಂದ ಮೇಲೆ ಒಂದು ಪ್ರತಿ ತೆಗೆದುಕೊಂಡು ಗೋವಿನಕೋವಿಗೆ ಹೋದೆ. ಬೆಳಿಗ್ಗೆ ಹತ್ತರ ಬಿಸಿಲು. ಮಗಳೂ ಅಳಿಯನೂ ಗದ್ದೆಗೆ ಹೋಗಿದ್ದರು. ಮಾವ ಜಗುಲಿಯಲ್ಲಿದ್ದರು, ತುಂಬಾ ಇಳಿದುಹೋಗಿದ್ದರು. ನನ್ನ ಹೆಜ್ಜೆಯ ಸದ್ದಿಗೇ, “ಬಾ ತಾಯಿ, ಡಾಕ್ಟರು ಆದ್ಯಂತೆ,” ಎಂದರು. ಪುಸ್ತಕವನ್ನು ಅವರ ಮಡಿಲಲ್ಲಿಟ್ಟೆ. ಅವರು ಅದರ ಅಂಚು, ಹೊಲಿಗೆ, ಗಟ್ಟಿ ರಟ್ಟು ಎಲ್ಲವನ್ನೂ ಬೆರಳಿನಿಂದ ನೋಡಿದರು. ತೂಕ ಐತೆ ಎಂದರು. ಅತ್ತೆ ಒಳಗಿಂದ ಮಜ್ಜಿಗೆ ತಂದು ಪಕ್ಕದಲ್ಲೇ ಕೂತರು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ.

“ನನ್ ಹೆಸರು ಎಲ್ಲಿ ಹಾಕಿದ್ದೀ? ಅಲ್ಲಿ ನನ್ ಬೆರಳು ಇಡು.”

ನಾನು ಅತ್ತೆಯ ಮುಖ ನೋಡಿದೆ. ಅವರು ನಗುತ್ತಾ ಕಾಯುತ್ತಿದ್ದರು. ನಿಜ ಹೇಳಬೇಕಿತ್ತು. ನಿಮ್ಮ ಮಗ ಬೇಡ ಎಂದ, ನಾನು ಒಪ್ಪಿಕೊಂಡೆ ಎಂದರೆ ಆಗುತ್ತಿತ್ತು. ಆದರೆ ಅದನ್ನು ಕೇಳಿ ಮಾವನ ಮುಖ ಏನಾಗುತ್ತದೆಂದು ನೋಡುವ ಧೈರ್ಯ ನನಗಿರಲಿಲ್ಲ... ಪುಟ ತೆರೆದೆ. ಅವರ ಹೆಬ್ಬೆರಳನ್ನು ಹಿಡಿದು ಕೆಳಗಿನಿಂದ ಮೂರನೆಯ ಸಾಲಿನ ಮೇಲಿಟ್ಟೆ. ಇಲ್ಲಿದೆ ಮಾವ ಎಂದು, ಅವರ ಪೂರ್ತಿ ಹೆಸರನ್ನು, ಅವರ ತಂದೆಯ ಹೆಸರಿನ ಸಮೇತ, ಅಚ್ಚಾಗಿದೆ ಎಂಬಂತೆ ಓದಿದೆ. ಅವರು ಬೆರಳನ್ನು ಅಲ್ಲಿಂದ ಎತ್ತಲಿಲ್ಲ. ಆಮೇಲೆ ಅತ್ತೆಗೆ, “ಗುರುತು ಇಟ್ಕೋ ಪುಟಾನ,” ಎಂದರು. ಅತ್ತೆ ತಲೆಯಿಂದ ಹೇರ್‌ಪಿನ್ನು ತೆಗೆದು ಪುಟಕ್ಕೆ ಸಿಕ್ಕಿಸಿದರು.

ಆಮೇಲೆ ನಾನು ಅವರನ್ನು ನೋಡಲಿಲ್ಲ. ಕೆಲಸ, ಮದುವೆ, ಮಗು ಎಂದು ನೆಪಗಳಿಗೇನು ಬರ. ನಿಜವೆಂದರೆ ಮುಖ ತೋರಿಸಲು ಹೆದರುತ್ತಿದ್ದೆ. ಕಳೆದ ವರ್ಷ ಚಳಿಗಾಲದಲ್ಲಿ ಮಾವ ಹೋಗಿಬಿಟ್ಟರು ಎಂದು ಅಮ್ಮ ಫೋನು ಮಾಡಿದರು. ಮಗುವಿಗೆ ಜ್ವರವಿತ್ತು. ಮಣ್ಣಿಗೂ ಹೋಗಲಾಗಲಿಲ್ಲ.

ಹೋದ ತಿಂಗಳು ಅವರ ವರ್ಷದ ಪುಣ್ಯಸ್ಮರಣೆ ಚನ್ನಗಿರಿಯ ಮನೆಯಲ್ಲಿ ನಡೆಯಿತು. ಈ ಸಲ ಹೋದೆ. ವರ್ಕ್‌ಶಾಪಿಗೆ ಆ ದಿನ ಬಾಗಿಲು ಹಾಕಿತ್ತು. ಪಡಸಾಲೆಯಲ್ಲಿ ನೆಂಟರು, ಹಳೆಯ ಗಿರಾಕಿಗಳು ತುಂಬಿದ್ದರು. ಗೋಡೆಯ ಮೇಲೆ ಮಾವನ ಫೋಟೋ, ಅದಕ್ಕೆ ಸೇವಂತಿಗೆ ಹಾರ. ಅದರ ಪಕ್ಕದಲ್ಲೇ ಅಷ್ಟೇ ದೊಡ್ಡದಾದ ಇನ್ನೊಂದು ಚೌಕಟ್ಟು. ಹತ್ತಿರ ಹೋದ ಮೇಲೆ ಗೊತ್ತಾಯಿತು. ನನ್ನ ಪ್ರಬಂಧದ ಕೃತಜ್ಞತೆಯ ಪುಟ. ಅತ್ತೆ ಅದನ್ನು ಜೆರಾಕ್ಸ್ ಮಾಡಿಸಿ, ಗಾಜು ಹಾಕಿಸಿದ್ದರು. ಗಾಜಿನ ಮೇಲೆ, ಕೆಳಗಿನಿಂದ ಮೂರನೆಯ ಸಾಲು ಇರುವಲ್ಲಿ, ವಿಭೂತಿ ಹಚ್ಚಿದ್ದರು. ಬಂದವರು ಫೋಟೋಗೆ ಕೈಮುಗಿದು, ಅದಕ್ಕೂ ಕೈಮುಗಿಯುತ್ತಿದ್ದರು.

ಮಗ ಬಂದು ಪಕ್ಕದಲ್ಲಿ ನಿಂತ. ಅವನ ಎಡಗೈ ಹೆಬ್ಬೆರಳಿನ ತುದಿಯಲ್ಲಿ ಸುಟ್ಟ ಕಲೆಗಳಿದ್ದವು. ಇಂಗ್ಲಿಷ್ ಅವನಿಗೆ ಓದಲು ಬರುತ್ತದೆ, ಐ.ಟಿ.ಐ. ಮಾಡಿದವನು.

“ಚೌಕಟ್ಟು ಹಾಕಿಸೋವಾಗ ಓದಿದೆ ಅಕ್ಕ,” ಎಂದ ಮೆಲ್ಲಗೆ. “ಬ್ಯಾಡ ಅಂದೋನು ನಾನೇ ಅಲ್ವಾ. ಅವ್ವಂಗೆ ಹೇಳಬ್ಯಾಡ್ರಿ.”

ಹೇಳುವುದಿಲ್ಲ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೆಸರು ಹಾಕಲು ಈಗ ಯಾವ ಅಡ್ಡಿಯೂ ಇಲ್ಲ. ಯಾವ ಗಿರಾಕಿಯೂ ಮಾವನ ಕಣ್ಣಿನ ಬಗ್ಗೆ ಕೇಳುವುದಿಲ್ಲ. ಆದರೆ ಆ ಪುಸ್ತಕ ಅಚ್ಚಾಗಿ ಹೋಗಿದೆ, ಬೆರಳಿಟ್ಟು ನೋಡಬೇಕಾದವರು ಇಲ್ಲ. ಮುಂದೆ ಎಲ್ಲಾದರೂ ಬರೆದರೆ ಹಾಕಲೇ ಎಂದು ಅಲ್ಲಿಯೇ ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಹಾಗಾಗಿ ಈ ಬರಹದಲ್ಲೂ ಅವರ ಹೆಸರಿಲ್ಲ.

ಅಷ್ಟರಲ್ಲಿ ಅತ್ತೆ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಕೈ ಹಿಡಿದರು. ಮೊದಲಿಗಿಂತ ಕುಗ್ಗಿದ್ದರು. ನನ್ನನ್ನು ಚೌಕಟ್ಟಿನ ಮುಂದೆ ನಿಲ್ಲಿಸಿ, ಕೂತವರೆಲ್ಲರ ಕಡೆ ತಿರುಗಿ, ಇವಳೇ ಬರೆದಾಕಿ ಎಂದರು.

“ಎಲ್ರಿಗೂ ಕೇಳಂಗೆ ಓದವ್ವ.”

ಮಗ ತಲೆ ತಗ್ಗಿಸಿದ. ನಾನು ವಿಭೂತಿ ಹಚ್ಚಿದ ಸಾಲನ್ನು ನೋಡುತ್ತಾ, ಅಲ್ಲಿಲ್ಲದ ಹೆಸರನ್ನು, ತಂದೆಯ ಹೆಸರಿನ ಸಮೇತ, ಊರಿನ ಹೆಸರಿನ ಸಮೇತ, ಗಟ್ಟಿಯಾಗಿ ಓದಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಇನ್ನೊಂದ್ಸಲ ಓದು,” ಎಂದರು.

ಇನ್ನೊಂದು ಸಲ ಓದಿದೆ.